ಮೂರನೇ ಕೈ

ಆ ಮನೆಯ ಮಕ್ಕಳಿಗೆ ಜ್ವರ ಬರುವುದು ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಟ್ಟ ಮೇಲೆಯೇ ಎಂದು ಅತ್ತೆ ಓಣಿಗೆಲ್ಲ ಹೇಳಿಟ್ಟಿದ್ದರು. “ಬೆಳಗ್ಗೆಯಿಂದ ಕುಣ್ಕೊಂಡಿರೋ ಮಕ್ಕಳು, ಇವಳು ಬಂದು ಮುಟ್ಟಿದ್ರೆ ಸಾಕು, ಮೈ ಸುಡ್ತಿದೆ ಅಂತಾಳೆ.” ಅತ್ತೆಯ ಬಳಿ ಇಸ್ತ್ರಿಗೆ ಬಟ್ಟೆ ತಂದವರು ನಗುವರು. ಬಟ್ಟೆಯ ಜೊತೆಗೆ ಈ ಸುದ್ದಿಯೂ ಮಡಿಕೆ ಕೆಡದೆ ಮನೆಮನೆಗೆ ಹೋಗುತ್ತಿತ್ತು.

ಅತ್ತೆ ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಸೊಸೆ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಪುಡಿ ಐಸಿನ ಮೇಲೆ ಮೀನು ಜೋಡಿಸುವವಳು. ರಬ್ಬರಿನ ಗ್ಲೌಸು ಹಾಕಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ನೀರು. ಕೆಲಸ ಬಿಡುವಾಗ ಬೆರಳು ಬಿಳುಚಿಕೊಂಡು ಬೇರೆ ಯಾರದೋ ಬೆರಳಿನಂತೆ ಕಾಣುತ್ತಿದ್ದವು. ಬಸ್ಸಿನ ಕಂಬಿ ಹಿಡಿದರೆ ಕಂಬಿಯೇ ಬೆಚ್ಚಗೆ. ಅಂಥ ಕೈಯಲ್ಲಿ ಮಗುವಿನ ಹಣೆ ಮುಟ್ಟಿದರೆ ಮಗು ಕೆಂಡದಂತೆ ಇರದೆ ಇನ್ನು ಹೇಗಿರಬೇಕು?

ಅತ್ತೆಯ ಕೈ ಇದಕ್ಕೆ ತದ್ವಿರುದ್ಧ. ಮುಂದಿನ ಕೋಣೆಯಲ್ಲಿ ಕಂಬಳಿ ಹಾಸಿದ ಮೇಜು, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಓಣಿಯವರ ಬಟ್ಟೆಯ ಗುಡ್ಡ. ಬಿಸಿ ಬಟ್ಟೆಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ಮಡಿಸುವ ಅವರ ಕೈಗೆ ಜಗತ್ತಿನಲ್ಲಿ ಯಾವುದೂ ಬಿಸಿಯಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವರು. ಮಕ್ಕಳ ಹಣೆ ಅವರಿಗೆ ಯಾವಾಗಲೂ ತಣ್ಣಗೆ. ಅದಕ್ಕೇ ಅವರು ಜ್ವರ ನೋಡುವುದು ಕೈಯಿಂದಲ್ಲ, ತಟ್ಟೆಯಿಂದ. “ಉಣ್ಣೋ ಮಗೂಗೆ ಜ್ವರ ಎಲ್ಲಿಂದ ಬರತ್ತೆ?” ಎಂದರೆ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಇದ್ದ ಮೂರನೇ ಕೈ ಗಂಡನದು. ಬಸ್ ನಿಲ್ದಾಣದ ಎದುರು ಗಾಜಿನ ಪೆಟ್ಟಿಗೆಯಷ್ಟು ಅಗಲದ ಅಂಗಡಿಯಲ್ಲಿ ಅವನು ವಾಚು ರಿಪೇರಿ ಮಾಡುತ್ತಿದ್ದ. ಊರವರಿಗೆ ಅವನು ‘ವಾಚಣ್ಣ’. ಐಸು ಕಾಣದ, ಇಸ್ತ್ರಿ ಕಾಣದ, ಹದವಾದ ಕೈ. ಬೆವರು ತಾಗಿದರೆ ಒಳಗಿನ ಚಕ್ರಗಳಿಗೆ ಆಗದು ಎಂದು ಗಳಿಗೆಗೊಮ್ಮೆ ಒರೆಸಿಕೊಳ್ಳುವ ಕೈ. ಕೂದಲೆಳೆಯಂಥ ಸ್ಪ್ರಿಂಗಿನ ನಡುಕವೂ ಆ ಬೆರಳಿಗೆ ತಿಳಿಯುತ್ತಿತ್ತು. ಆ ಕೈ ಮಕ್ಕಳ ಹಣೆಯ ಮೇಲೆ ಬಿದ್ದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮಕ್ಕಳು ಎರಡು. ಐದು ವರ್ಷದ ಮಗಳನ್ನು ಗುಬ್ಬಿ ಎನ್ನುತ್ತಿದ್ದರು. ಎರಡು ತುಂಬದ ಗಂಡುಮಗು ಬುಗುರಿ. ನಿಂತಲ್ಲಿ ನಿಲ್ಲದ್ದಕ್ಕೆ ಆ ಹೆಸರು.

“ಬುಗುರಿ ಮೈ ಯಾಕೋ ಬಿಸಿ ಇದೆ,” ಎಂದಳು ಒಂದು ಸಂಜೆ ಸೊಸೆ, ಇನ್ನೂ ಚೀಲ ಕೆಳಗಿಡದೆ.

“ಬಂದ್ಲು ಐಸಮ್ಮ, ಬಂತು ಜ್ವರ,” ಎಂದ ಗಂಡ. ಅಂಗಡಿಯಲ್ಲಿ ಮುಗಿಯದ್ದನ್ನು ಮನೆಗೆ ತಂದು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ.

“ಐಸಮ್ಮ! ಐಸಮ್ಮ!” ಎಂದು ಗುಬ್ಬಿಯೂ ಕುಣಿದಳು. ಸೊಸೆಗೆ ಗಂಡನ ಮಾತಿಗಿಂತ ಇದು ಹೆಚ್ಚು ಚುಚ್ಚಿತು.

“ಈಗ ತಾನೇ ಬಟ್ಟಲು ನೆಕ್ಕಿ ಇಟ್ಟಿದೆ ಕಣಮ್ಮಾ,” ಎಂದರು ಅತ್ತೆ. “ಹೋದ ಸಲ ರಜ ಹಾಕಿ ಡಾಕ್ಟರ ಹತ್ರ ಹೊತ್ಕೊಂಡು ಹೋಗಿದ್ದೆಯಲ್ಲ, ಏನಂದ್ರು?”

ಡಾಕ್ಟರು ಏನಂದರು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ‘ಮಗು ಚೆನ್ನಾಗಿದೆ, ಮನೇಲಿ ಥರ್ಮಾಮೀಟರ್ ಇಲ್ವೇನಮ್ಮ?’ ಎಂದು ಕೇಳಿ, ಅವಳ ಹಿಂದೆ ನಿಂತಿದ್ದವರನ್ನು ಕರೆದಿದ್ದರು.

“ಥರ್ಮಾಮೀಟರ್ ಇದೆಯಲ್ಲ, ಅದಕ್ಕೊಂದು ಸೆಲ್ ಹಾಕಿ ಅಂತ ಎಷ್ಟು ಸಲ ಹೇಳ್ಲಿ ರೀ?”

“ಹಾಕೋಣ.”

“ಊರಿನೋರ ವಾಚಿಗೆಲ್ಲ ನೀವೇ ಸೆಲ್ ಹಾಕೋದು. ಮನೇದಕ್ಕೆ ಮಾತ್ರ ಹಾಕೋಣ.”

“ಮಕ್ಕಳಿರೋ ಮನೆಗೆ ಗುಂಡಿಯಷ್ಟು ಸಣ್ಣ ಸೆಲ್ ತರೋದಾ? ನುಂಗಿದ್ರೆ?”

“ಒಳಗೆ ಹಾಕಿ ಮುಚ್ಚಳ ಮುಚ್ಚಿದ್ರೆ ಯಾರು ನುಂಗ್ತಾರೆ? ನಿಮ್ಮ ಆ ಡಬ್ಬೀಲಿ ದಿನಾ ತರ್ತೀರಲ್ಲ, ಅವು ಸೆಲ್ ಅಲ್ವಾ?”

“ಅದು ಗಿರಾಕಿಗಳದು ಕಣೇ,” ಎಂದು ಗಂಡ ಮಸೂರವನ್ನು ಇನ್ನೂ ಹತ್ತಿರ ತಂದುಕೊಂಡ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಮಾರಿ ಇಷ್ಟು ಮೆತ್ತಗೆ ಮಾತಾಡುತ್ತದೆ ಎಂದು ಅವರು ಹೇಳಿರಲಿಲ್ಲ. ಅವನೇನೂ ಕುಡಿಯುವವನಲ್ಲ, ಹೊಡೆಯುವವನಲ್ಲ. ಅವನ ಬಾಯಲ್ಲಿ ಎಲ್ಲಕ್ಕೂ ‘ಆಗಲಿ’, ‘ತರೋಣ’, ‘ನೋಡೋಣ’. ಅಂಥವನ ಮೇಲೆ ಸಿಟ್ಟು ಮಾಡಿದರೆ ಮಾಡಿದವಳೇ ಜಗಳಗಂಟಿ.

ಸೊಸೆ ಅಂದು ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಬಂದು ಮತ್ತೆ ಮುಟ್ಟಿದಳು. ಈಗ ಮಗು ತಣ್ಣಗೆ ಅನಿಸಿತು. ಯಾವುದನ್ನು ನಂಬಬೇಕು ಎಂದು ತಿಳಿಯದೆ ಪಾತ್ರೆ ತೊಳೆಯಲು ಕೂತಳು.

ಕಾರ್ಖಾನೆಯಲ್ಲಿ ಅವಳ ಪಕ್ಕದಲ್ಲಿ ನಿಂತು ಪೆಟ್ಟಿಗೆ ಮುಚ್ಚುವ ಹೆಂಗಸನ್ನು ಎಲ್ಲರೂ ಬಾಕ್ಸಕ್ಕ ಎನ್ನುತ್ತಿದ್ದರು. ನಾಲ್ಕು ಮಕ್ಕಳನ್ನು ಐಸಿನ ಕೈಯಲ್ಲೇ ಬೆಳೆಸಿದವಳು. ಸೊಸೆ ತನ್ನ ಗೋಳು ತೋಡಿಕೊಂಡಾಗ ಅವಳು ಜೋರಾಗಿ ನಕ್ಕಳು.

“ಒಂದು ಮಗೂನ ಮುಟ್ಟಿದ್ರೆ ನಮ್ಮ ಕೈ ಸುಳ್ಳು ಹೇಳತ್ತೆ ಕಣೇ. ಎರಡನ್ನೂ ಒಟ್ಟಿಗೆ ಮುಟ್ಟು. ಇವಳ ಮೇಲೊಂದು ಕೈ, ಅವನ ಮೇಲೊಂದು ಕೈ. ಸುಳ್ಳೇ ಹೇಳಿದ್ರೂ ಇಬ್ಬರಿಗೂ ಒಂದೇ ಸುಳ್ಳು ಹೇಳತ್ತಲ್ಲ? ಯಾರು ಹೆಚ್ಚು ಬಿಸಿ ಇದಾರೋ ಅವರಿಗೆ ಜ್ವರ.”

ಅಂದಿನಿಂದ ಸೊಸೆ ಮನೆಗೆ ಬಂದ ಕೂಡಲೇ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಎರಡು ಹಣೆಯ ಮೇಲೆ ಎರಡು ಕೈ ಇಡತೊಡಗಿದಳು. ಎರಡೂ ಒಂದೇ ಸಮ ಇದ್ದರೆ ಬಾಯಿ ಬಿಡದೆ ಒಳಗೆ ಹೋಗುವಳು. ಇದು ಆ ಮನೆಯಲ್ಲಿ ದೊಡ್ಡ ಬದಲಾವಣೆ.

“ಏನಮ್ಮ, ಈಚೆಗೆ ಜ್ವರಾನೇ ಇಲ್ವಲ್ಲ ನಮ್ಮನೇಲಿ?” ಎಂದು ಅತ್ತೆ ಕೆಣಕುವರು.

“ಇದ್ದಾಗ ಹೇಳ್ತೀನಿ ಅತ್ತೆ.”

ಹೇಳಿದಳು ಕೂಡ. ಕೆಲವು ದಿನಗಳ ನಂತರ ಗುಬ್ಬಿಯ ಹಣೆ ತಮ್ಮನದಕ್ಕಿಂತ ಬಿಸಿಯಾಗಿತ್ತು. “ಇವಳಿಗೆ ಜ್ವರ ಇದೆ,” ಎಂದಳು. “ಎರಡು ಸಲ ಬಡಿಸಿಕೊಂಡು ಉಂಡಿದಾಳೆ, ಬಿಡು,” ಎಂದರು ಅತ್ತೆ. ಸೊಸೆ ಬಿಡದೆ ಡಾಕ್ಟರ ಬಳಿ ಕರೆದುಕೊಂಡು ಹೋದಳು, ಜ್ವರ ಇತ್ತು. ಔಷಧಿ ಹಿಡಿದುಕೊಂಡು ಮನೆಗೆ ಬಂದಾಗ ಒಂದು ಒಳ್ಳೆಯ ಮಾತು ಬರಬಹುದೆಂದು ಬಾಗಿಲಲ್ಲಿ ಸ್ವಲ್ಪ ನಿಂತಳು.

“ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು,” ಎಂದರು ಅತ್ತೆ, ಒಂದು ಅಂಗಿಯ ಕಾಲರನ್ನು ತಿರುಗಿಸುತ್ತ.

“ಹೋಗ್ಲಿ, ಈಗ ನಿನ್ನ ಕೈ ಸರಿಯಾಯ್ತಲ್ಲ,” ಎಂದ ಗಂಡ. “ಇನ್ನು ಆ ಸೆಲ್ಲಿನ ಗಲಾಟೆ ಬೇಡ.”

ಅವಳಿಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಸೆಲ್ಲಿನ ಮಾತು ಬಿಟ್ಟಳು. ಬಿಡಬಾರದಿತ್ತು. ಆದರೆ ಒಂದೇ ಮಾತನ್ನು ಎಷ್ಟು ಸಲ ಆಡುವುದು? ಕೇಳಿಸಿಕೊಳ್ಳದವನು ಆರಾಮವಾಗಿರುತ್ತಾನೆ, ಬಾಯಿ ನೋಯುವುದು ಹೇಳಿದವಳದು.

ಆ ಮೇಲೆ ಕಾರ್ಖಾನೆಗೆ ದೊಡ್ಡ ಸರಕು ಬಂತು. ವಾರವಿಡೀ ಹೆಚ್ಚುವರಿ ಕೆಲಸ. ಅಂಥ ಒಂದು ಸಂಜೆ ಸೊಸೆ ಬಂದಾಗ ಮಕ್ಕಳಿಬ್ಬರೂ ಬಟ್ಟೆಯ ಗುಡ್ಡಕ್ಕೆ ಒರಗಿ ಕೂತಿದ್ದರು. ಬುಗುರಿ ಎದ್ದು ಓಡಿ ಬರಲಿಲ್ಲ.

“ಯಾಕೆ ಇಬ್ರೂ ಸಪ್ಪಗಿದಾರೆ?”

“ಮಧ್ಯಾಹ್ನ ಬಿಸಿಲಲ್ಲಿ ಆಡಿದ್ರು, ಸುಸ್ತು. ಅನ್ನ ಕಲಸಿ ಕೊಟ್ಟೆ, ತಿಂದಿದಾರೆ.”

“ಬುಗುರಿ?”

“ಅವನೂ ತಿಂದ. ಸ್ವಲ್ಪ ಬಿಟ್ಟ.”

ಅವಳು ಬಾಗಿ ಎರಡು ಕೈಯನ್ನೂ ಇಟ್ಟಳು. ಎರಡೂ ಸುಟ್ಟವು. ಅವಳು ಕೈಯನ್ನು ಬದಲಿಸಿ ಇಟ್ಟಳು. ಇವಳೂ ಅಷ್ಟೇ ಬಿಸಿ, ಅವನೂ ಅಷ್ಟೇ ಬಿಸಿ. ಸಮ ಇದ್ದರೆ ಜ್ವರವಿಲ್ಲ, ತನ್ನ ಕೈಯ ಸುಳ್ಳು. ಅದೇ ಲೆಕ್ಕ ಈಚೆಗೆ ಅವಳ ಮಾನ ಉಳಿಸಿದ್ದು. ಆದರೂ ಅವಳ ಜೀವ ಒಪ್ಪಲಿಲ್ಲ.

“ರೀ, ಸ್ವಲ್ಪ ಇಲ್ಲಿ ಬನ್ನಿ. ನೀವೊಂದು ಸಲ ಕೈ ಇಟ್ಟು ನೋಡಿ.”

“ಯಾರಿಗೆ ಹೆಚ್ಚಿದೆ?” ಎಂದು ಅವನು ವಾಚೊಂದರ ಮೇಲೆ ಬಾಗಿ ಕೂತಲ್ಲಿಂದಲೇ ಕೇಳಿದ.

“ಇಬ್ಬರಿಗೂ ಒಂದೇ ಥರ ಇದೆ. ಅದಕ್ಕೇ ಕರೀತಿರೋದು.”

“ಒಂದೇ ಥರ ಇದ್ರೆ ಏನೂ ಇಲ್ಲ ಅಂತ ನೀನೇ ತಾನೇ ಹೇಳೋದು? ಈ ಮುಳ್ಳು ಈಗ ಕೂತಿದೆ, ಎದ್ರೆ ಹಾರೋಗತ್ತೆ.”

“ಎರಡೇ ಹೆಜ್ಜೆ ರೀ.”

“ಐಸಮ್ಮ, ಮೊದಲು ನಿನ್ನ ಕೈ ಬೆಚ್ಚಗೆ ಮಾಡ್ಕೊ ಹೋಗು.”

ಅತ್ತೆ ನಕ್ಕರು. ಸೊಸೆಯೂ, ನಗದಿದ್ದರೆ ಮತ್ತೆ ಜಗಳಗಂಟಿ ಆಗುತ್ತೇನೆಂದು, ಅರ್ಧ ನಕ್ಕಳು. ಆ ಅರ್ಧ ನಗುವಿಗೆ ಅವಳು ತನ್ನನ್ನು ತಾನು ಕ್ಷಮಿಸಲು ಬಹಳ ಕಾಲ ಹಿಡಿಯಿತು.

ಒಲೆಯ ಮೇಲೆ ಸಾರು ಕುದಿಯುವುದರೊಳಗೆ ಗುಬ್ಬಿ ಕೂಗಿದಳು: “ಅಮ್ಮಾ, ಬುಗುರಿ ಹೆಂಗೋ ಮಾಡ್ತಿದಾನೆ!”

ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಕೈಕಾಲು ಸೆಟೆದು ಅದುರುತ್ತಿದ್ದವು. ಅತ್ತೆ ಕಿರುಚಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟರು. ಯಾರದೋ ಅಂಗಿ ಸುಟ್ಟ ವಾಸನೆ ಮನೆ ತುಂಬಿತು. ಗಂಡ ಎದ್ದ ರಭಸಕ್ಕೆ ಮುಳ್ಳು, ಚಕ್ರ, ಸೆಲ್ಲು ಎಲ್ಲ ನೆಲದ ಮೇಲೆ ಚೆಲ್ಲಾಡಿದವು. ಎದುರುಮನೆಯ ಆಟೋದವನು ಉಣ್ಣುತ್ತಿದ್ದ ಕೈಯನ್ನೂ ತೊಳೆಯದೆ ಗಾಡಿ ತೆಗೆದ. ದಾರಿಯಲ್ಲಿ ಮಗು ಸಡಿಲಾಗಿ, ಕಣ್ಣು ಮುಚ್ಚಿ, ಅವಳ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಉಸಿರಾಡುತ್ತಿದೆಯಾ ಎಂದು ಅವಳು ಮೂಗಿನ ಬಳಿ ಬೆರಳಿಟ್ಟಳು. ಆ ಬೆರಳಿನ ಮೇಲೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ಕೊನೆಗೆ ಕೆನ್ನೆಯನ್ನೇ ಒತ್ತಿಟ್ಟು ಉಸಿರು ತಾಗುವುದನ್ನು ಕಾದಳು.

ಆಸ್ಪತ್ರೆಯಲ್ಲಿ ನರ್ಸು ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ತೆಗೆದು, ಡಾಕ್ಟರನ್ನು ಕೂಗಿದರು. ಅಜ್ಜಿಯ ಸೊಂಟಕ್ಕೆ ಅಂಟಿಕೊಂಡಿದ್ದ ಗುಬ್ಬಿಯ ಕೊರಳನ್ನೂ ಹಾದು ಹೋಗುವಾಗ ಮುಟ್ಟಿ, “ಇವಳಿಗೂ ಇದೆಯಲ್ರೀ, ಚೆನ್ನಾಗೇ ಇದೆ,” ಎಂದರು.

ಆಗ ಸೊಸೆಗೆ ಅರ್ಥವಾಯಿತು. ಇಬ್ಬರಿಗೂ ಜ್ವರ. ಅದಕ್ಕೇ ಸಮ.

ಡಾಕ್ಟರು ನೋಡಿ, ಔಷಧಿ ಕೊಟ್ಟು, ಸಮಾಧಾನ ಹೇಳಿದರು. ಸಣ್ಣ ಮಕ್ಕಳಿಗೆ ಜ್ವರದಲ್ಲಿ ಹೀಗೆ ಫಿಟ್ಸ್ ಬರುವುದುಂಟು, ನೋಡುವವರ ಜೀವ ಹೋಗುತ್ತದೆ, ಆದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಇವನೂ ಚೇತರಿಸಿಕೊಳ್ಳುತ್ತಾನೆ, ಇವತ್ತು ಇಲ್ಲೇ ಇರಲಿ ಎಂದರು. ಆಮೇಲೆ ಕೇಳಿದರು: “ಜ್ವರ ಯಾವಾಗಿಂದ ಇತ್ತು?”

ಅತ್ತೆ ಮಗನ ಮುಖ ನೋಡಿದರು, ಮಗ ಹೆಂಡತಿಯ ಮುಖ ನೋಡಿದ.

“ಮನೇಲಿ ಯಾರೂ ನೋಡ್ಲಿಲ್ವಾ?”

“ಇವಳು ನೋಡಿದ್ಲು ಸಾರ್,” ಎಂದ ಗಂಡ. “ಏನೂ ಇಲ್ಲ ಅಂದ್ಲು. ತಾಯಿಗೇ ಗೊತ್ತಾಗ್ಲಿಲ್ಲ ಅಂದ್ರೆ ನಮಗೆ ಹೆಂಗೆ ಗೊತ್ತಾಗತ್ತೆ?”

ಅವನು ಮೆತ್ತಗೇ ಹೇಳಿದ, ಎಂದಿನ ಹಾಗೆ. ಸೊಸೆ ಡಾಕ್ಟರು ಹೋಗುವವರೆಗೆ ಕಾದಳು. ಆಮೇಲೆ ಅವನನ್ನು ಪಡಸಾಲೆಗೆ ಕರೆದಳು. ಬೆಂಚಿನ ಮೇಲೆ ಕೂತ ಎಲ್ಲರಿಗೂ ಕೇಳಿಸಿತು, ಕೇಳಿಸಲಿ ಎಂದೇ ಅವಳು ಮಾತಾಡಿದಳು.

“ಏನಂದ್ರಿ? ನಾನು ಏನೂ ಇಲ್ಲ ಅಂದ್ನಾ?”

“ಅಲ್ವೇ, ಒಂದೇ ಥರ ಇದೆ ಅಂತ…”

“ಬನ್ನಿ ಅಂತ ಕರೆದೆ. ಕೈ ಇಟ್ಟು ನೋಡಿ ಅಂದೆ. ಎರಡು ಹೆಜ್ಜೆ ಅಂದೆ. ಏನಂದ್ರಿ ಆಗ?”

“ಇಲ್ಲಿ ಯಾಕೆ ಕೂಗ್ತೀಯಾ?”

“ಮನೇಲಿ ಕೂಗಿದ್ರೆ ಯಾರಿಗೆ ಕೇಳತ್ತೆ? ನನ್ನ ಕೈ ಐಸು, ಸರಿ. ಆ ಐಸಿಂದಾನೇ ಮನೆಗೆ ಅಕ್ಕಿ ಬರೋದು. ಅತ್ತೆ ಕೈ ಕೆಂಡ, ಅದರಿಂದಾನೇ ಬಾಡಿಗೆ ಹೋಗೋದು. ಕೆಲಸ ಮಾಡಿ ಮಾಡಿ ನಮ್ಮಿಬ್ಬರ ಕೈಯೂ ಕೆಟ್ಟಿದೆ. ಮನೇಲಿ ಕೆಡದೆ ಇರೋ ಕೈ ನಿಮ್ಮದೊಂದೇ. ಅದನ್ನ ಒಂದು ದಿನ, ಒಂದೇ ಒಂದು ದಿನ, ಮಕ್ಕಳ ಮೇಲೆ ಇಟ್ಟಿದೀರಾ? ನನ್ನ ಕೈಗೆ ಹೆಸರಿಟ್ರಿ. ಓಣಿಯೆಲ್ಲ ನಗಿಸಿದ್ರಿ. ನನ್ನ ಮಗಳ ಬಾಯಲ್ಲೂ ಅನ್ನಿಸಿದ್ರಿ. ಆಡಿಕೊಳ್ಳೋದಕ್ಕೆ ಎಲ್ರೂ ಇದ್ರಿ, ಮುಟ್ಟೋದಕ್ಕೆ ಯಾರಿದ್ರಿ?”

ಗಂಡ ತಾಯಿಯ ಕಡೆ ನೋಡಿದ. ಅತ್ತೆಗೆ ಸೊಸೆಯ ಬಾಯಿ ಮುಚ್ಚಿಸುವುದು ಹೊಸತಲ್ಲ. ಬಾಯಿ ತೆರೆದರು ಕೂಡ. ಆದರೆ ಅವರ ಬಲಗೈ ಗುಬ್ಬಿಯ ತಲೆಯ ಮೇಲಿತ್ತು. ಮನೆಯಿಂದ ಇಲ್ಲಿಯವರೆಗೆ ಅದೇ ತಲೆಯ ಮೇಲಿದ್ದ ಕೈ. ಅದಕ್ಕೆ ಏನೂ ತಿಳಿದಿರಲಿಲ್ಲ.

“ಅವಳು ಕರೆದಾಗ ಎದ್ದು ಹೋಗೋಕೆ ನಿನಗೇನು ಕಾಲು ಮುರಿದಿತ್ತಾ?” ಎಂದರು ಮಗನಿಗೆ. “ನಾನೂ ನಕ್ಕೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.”

ಮರುದಿನ ಬುಗುರಿ ಕಣ್ಣು ಬಿಟ್ಟು ಹಾಲು ಕೇಳಿದ. ಅದರ ಮರುದಿನ ಮನೆಗೆ ಬಂದರು. ಗಂಡ ಅಂಗಡಿಯಿಂದ ಒಂದು ಸೆಲ್ಲಲ್ಲ, ಒಂದು ಪಟ್ಟಿ ತಂದು, ಥರ್ಮಾಮೀಟರಿಗೆ ಹಾಕಿ, ಮಿಕ್ಕಿದ್ದನ್ನು ಅಟ್ಟದ ಮೇಲೆ ಬೀಗದ ಡಬ್ಬಿಯಲ್ಲಿಟ್ಟ. ಪಾಪ ಕಳೆಯಿತು ಎನ್ನುವ ಮುಖ ಮಾಡಿಕೊಂಡು ಥರ್ಮಾಮೀಟರನ್ನು ಹೆಂಡತಿಯ ಮುಂದೆ ಹಿಡಿದ.

“ನನಗ್ಯಾಕೆ?” ಎಂದಳು ಅವಳು. “ನೀವೇ ಇಟ್ಕೊಳ್ಳಿ. ಇನ್ನು ಈ ಮನೇಲಿ ಜ್ವರ ನೋಡೋದು ನಿಮ್ಮ ಕೆಲಸ.”

“ಮೆಷಿನ್ ಇದೆಯಲ್ಲ, ಯಾರು ನೋಡಿದ್ರೇನು?”

“ಮೆಷಿನ್ ತಾನಾಗಿ ಎದ್ದು ಬಂದು ಮಗು ಕಂಕುಳಲ್ಲಿ ಕೂರಲ್ಲ. ಇಡಬೇಕು ಅಂತ ಯಾರಿಗಾದ್ರೂ ಅನಿಸಬೇಕು. ಮೊದಲು ಕೈ ಇಡಿ, ಅನುಮಾನ ಬಂದ್ರೆ ಮೆಷಿನ್ ಇಡಿ. ದಿನಾ.”

“ನನಗೇನು ಗೊತ್ತಾಗತ್ತೆ ಅದೆಲ್ಲ?”

“ನನಗೂ ಯಾರೂ ಹೇಳಿಕೊಟ್ಟಿಲ್ಲ.”

ಅವಳು ಹಟ ಹಿಡಿದಳು. ಸಂಜೆ ಬಂದು ಮಕ್ಕಳನ್ನು ಅಪ್ಪಿಕೊಳ್ಳುವಳು, ಉಣ್ಣಿಸುವಳು, ಹಣೆಗೆ ಮಾತ್ರ ಕೈ ಇಡಳು. ಅಭ್ಯಾಸಬಲದಿಂದ ಕೈ ಹೋದರೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುವಳು. ಅದೇನು ಸುಲಭವಾಗಿತ್ತೇ? ಮಗು ಒಮ್ಮೆ ಸೀನಿದರೂ ಅವಳು ಸೌಟು ಹಿಡಿದೇ ಬಾಗಿಲವರೆಗೆ ಓಡಿ ಬರುತ್ತಿದ್ದಳು.

ಗಂಡ ಮೊದಮೊದಲು ಮರೆತಂತೆ ಮಾಡಿದ. “ಊಟ ಬಡಿಸು” ಎಂದರೆ, “ಮಕ್ಕಳನ್ನ ನೋಡಿದ್ರಾ?” ಎನ್ನುವಳು. ನೋಡಿಲ್ಲವೆಂದರೆ ತಟ್ಟೆ ಬರುವುದಿಲ್ಲ. ಅವನು ದೂರದಿಂದ ಕಣ್ಣು ಹಾಯಿಸಿ, “ಆಡ್ತಿದಾರಲ್ಲ” ಎನ್ನುವನು. “ಆಡೋದನ್ನ ನೆರೆಮನೆಯೋರೂ ನೋಡ್ತಾರೆ” ಎನ್ನುವಳು. ಅತ್ತೆ ಮಗನ ಪರ ಬರುವರೆಂದು ಅವನು ಕಾದ. ಅತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸಿ, “ಇನ್ನೊಂದ್ಸಲ ಐಸಮ್ಮ ಅಂದ್ರೆ ಇದನ್ನ ನಿನ್ನ ನಾಲಿಗೆ ಮೇಲೆ ಇಡ್ತೀನಿ” ಎಂದರು. ಹಾಗೆಂದು ಅವರೇನೂ ಸೊಸೆಯ ಸಾರಿಗೆ ಉಪ್ಪು ಹೆಚ್ಚೆನ್ನುವುದನ್ನು ಬಿಡಲಿಲ್ಲ.

ವಾರಗಳು ಕಳೆದವು. ಒಂದು ಸಂಜೆ ಊಟ ತಡವಾಗಿ, ಹಸಿವಿಗೋ ಸೋತೋ, ಗಂಡ ಮಸೂರ ತೆಗೆದಿಟ್ಟ. ಕೈ ಒರೆಸಿಕೊಂಡ. ನೆಲದ ಮೇಲೆ ಡಬ್ಬಿ ಉರುಳಿಸುತ್ತಿದ್ದ ಬುಗುರಿಯ ಎದುರು ಕುಕ್ಕರುಗಾಲಲ್ಲಿ ಕೂತು, ವಾಚಿನ ಗಾಜು ಎತ್ತುವಾಗಿನ ಜೋಪಾನದಿಂದ ಹಣೆಯ ಮೇಲೆ ಅಂಗೈ ಇಟ್ಟ. ಮಗು ಅವನನ್ನು ವಿಚಿತ್ರವಾಗಿ ನೋಡಿತು.

ಅವನು ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ.

“ಲೇ! ಬಾರೇ ಇಲ್ಲಿ! ಇವನಿಗೆ ಜ್ವರ! ಅಮ್ಮಾ, ಆಟೋದವನ್ನ ಕರಿ!”

ಅತ್ತೆ ಪೆಟ್ಟಿಗೆ ಬಿಟ್ಟು ಓಡಿಬಂದರು. ಅಡುಗೆಮನೆಯಿಂದ ಸೊಸೆಯೂ ಬಂದಳು. ಕೈ ಮಾತ್ರ ಮುಂದೆ ಚಾಚಲಿಲ್ಲ.

“ಮೆಷಿನ್ ಇಡಿ,” ಎಂದಳು.

ಅವನು ಮಗುವಿನ ಕಂಕುಳಲ್ಲಿ ಇಟ್ಟ. ಕಾದರು. ಅದು ಕೂಗಿತು. ಅವನು ತೆಗೆದು ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

“ಸರಿಯಾಗೇ ತೋರಿಸ್ತಿದೆಯಲ್ಲ? ಜ್ವರ ಇಲ್ಲ ಅಂತಿದೆ.”

“ಇಲ್ಲ ಅಂದ್ರೆ ಇಲ್ಲ.”

“ಅಲ್ವೇ, ನೀನೇ ಮುಟ್ಟಿ ನೋಡು. ಇಷ್ಟು ಬೆಚ್ಚಗಿದಾನೆ!”

ಸೊಸೆ ಅವನನ್ನೂ, ಅವನ ಹದವಾದ ಕೈಯನ್ನೂ ನೋಡಿದಳು. ನಗು ಬರಬೇಕಿತ್ತು, ಅತ್ತೆಗೆ ಬಂದೂ ಬಿಟ್ಟಿತು. ಅವಳಿಗೆ ಮಾತ್ರ ಸಿಟ್ಟು ಬಂತು, ಆಸ್ಪತ್ರೆಯಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿ.

“ಅದು ಜ್ವರ ಅಲ್ಲ,” ಎಂದಳು. “ನಿಮ್ಮ ಮಗ ಇರೋದೇ ಅಷ್ಟು ಬೆಚ್ಚಗೆ. ಹುಟ್ಟಿದಾಗಿಂದ ಹಾಗೇ ಇದಾನೆ.”

ಗುಬ್ಬಿ ಓಡಿಬಂದು, ಹಣೆಯ ಕೂದಲನ್ನು ಹಿಂದಕ್ಕೆ ತಳ್ಳಿ, ಅಪ್ಪನ ಮುಂದೆ ಮುಖ ಎತ್ತಿ ನಿಂತಳು.

“ಅಪ್ಪಾ, ನಾನು ಎಷ್ಟು ಬೆಚ್ಚಗಿರ್ತೀನಿ?”

ಅವನಿಗೆ ಅದೂ ಗೊತ್ತಿರಲಿಲ್ಲ.